ಗಾಡಿಯ ಗಿರ್ಮಿಟ್ಟಿನ ರುಚಿ ಮನೆಯಲ್ಲೇಕೆ ಬರುವುದಿಲ್ಲ? ಬಾಗಲಕೋಟೆಯ ಗಿರ್ಮಿಟ್ ಮತ್ತು ಮಿರ್ಚಿಯ ಕುರಿತು ಚರ್ಚೆ

ಘಟಪ್ರಭಾ ತೀರ:

ಎಲ್ಲರಿಗೂ ನಮಸ್ಕಾರ. ಚುರಮರಿಗೆ (ಮಂಡಕ್ಕಿಗೆ) ಹುಳಿ-ಖಾರದ ಗೊಜ್ಜು ಕಲಸಿದ ನಮ್ಮ ಭಾಗದ ತಿಂಡಿಯಾದ ಗಿರ್ಮಿಟ್ ಮಾಡುವ ಬಗೆಯನ್ನು ಬರೆದವರು ಅನೇಕರಿದ್ದಾರೆ, ಮಾಡಿ ತೋರಿಸುವ ವಿಡಿಯೋಗಳಿಗಂತೂ ಲೆಕ್ಕವಿಲ್ಲ. ಅದರ ಸಾಮಾನುಗಳಲ್ಲಿ ಗುಟ್ಟು ಎನ್ನುವಂಥದ್ದೇನೂ ಇಲ್ಲ. ಚುರಮರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹಣ್ಣಿನ ರಸ, ಬೆಲ್ಲ, ಪುಠಾಣಿ (ಹುರಿಗಡಲೆ) ಹಿಟ್ಟು, ಕೊತ್ತಂಬರಿ ಸೊಪ್ಪು, ಮೇಲೊಂದು ಹಿಡಿ ಶೇವು. ಇವೆಲ್ಲ ನಮ್ಮ ಭಾಗದ ಯಾವ ಮನೆಯಲ್ಲೂ ಇರುವಂಥವೇ. ಇಷ್ಟಾದರೂ ಮನೆಯಲ್ಲಿ ಕಲಸಿದ್ದಕ್ಕೆ ಗಾಡಿಯ ಮುಂದೆ ನಿಂತು ತಿಂದ ರುಚಿ ಬರುವುದಿಲ್ಲ ಎಂಬ ಮಾತನ್ನು ಬಾಗಲಕೋಟೆಯ ಮನೆಮನೆಯಲ್ಲೂ ಕೇಳುತ್ತೇವೆ. ಇದನ್ನು ಬರೀ ಹಳೆಯ ನೆನಪಿನ ಮೋಹವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇದಕ್ಕೆ ಕಾರಣಗಳಿವೆ, ಆ ಕಾರಣಗಳನ್ನು ಬಲ್ಲವರು ನಮ್ಮ ನಡುವೆಯೇ ಇದ್ದಾರೆ ಎಂಬ ನಂಬಿಕೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ಊರಿನವರಿಗೆ ಈ ಪ್ರಶ್ನೆ ಇನ್ನಷ್ಟು ಆಳವಾದದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಬಂದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು, ಪೇಟೆಯ ಸಾಲುಗಳು ಒಂದೊಂದಾಗಿ ಖಾಲಿಯಾದವು. ಜಲಾಶಯದ ಮಟ್ಟ 519.6 ಮೀಟರಿಗೆ ನಿಲ್ಲತೊಡಗಿದ ಮೇಲೆ ನಾವು ಬಾಲ್ಯದಲ್ಲಿ ಓಡಾಡಿದ ಎಷ್ಟೋ ತಿರುವುಗಳು ನೀರಿನಡಿ ಸೇರಿಹೋದವು. ಮನೆ ಕಳೆದುಕೊಂಡವರಿಗೆ ನವನಗರದಲ್ಲಿ ನಿವೇಶನ ದೊರೆಯಿತು, ಅಂಗಡಿಯವರಿಗೂ ಅಷ್ಟಿಷ್ಟು ವ್ಯವಸ್ಥೆಯಾಯಿತು. ಆದರೆ ಪೇಟೆಯ ಮೂಲೆಯಲ್ಲಿ ಕಂದೀಲು ಹಚ್ಚಿಕೊಂಡು ಗಿರ್ಮಿಟ್ ಮಾರುತ್ತಿದ್ದವರಿಗೆ ಮುಳುಗಿದ್ದು ಅಂಗಡಿಯಲ್ಲ, ಗಿರಾಕಿ ಬಂದು ನಿಲ್ಲುತ್ತಿದ್ದ ಜಾಗ. ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಆ ಪೇಟೆಯಲ್ಲಿ ಒಗ್ಗರಣೆಯ ವಾಸನೆ ಏಳುತ್ತಿತ್ತು. ಗುಳೇದಗುಡ್ಡದಿಂದ ಖಣ ತಂದವರು, ಇಳಕಲ್ಲಿನಿಂದ ಸೀರೆಯ ಗಂಟು ಹೊತ್ತು ಬಂದವರು, ಕೋರ್ಟು ಕಚೇರಿಯ ಕೆಲಸ ಮುಗಿಸಿದ ಹಳ್ಳಿಗರು, ಶಾಲೆ ಬಿಟ್ಟ ಹುಡುಗರು ಎಲ್ಲರೂ ಒಂದೇ ಗಾಡಿಯ ಸುತ್ತ ನಿಲ್ಲುತ್ತಿದ್ದರು. "ಕಾಕಾ, ನಂದಕ್ಕ ಖಾರ ಜಾಸ್ತಿ ಹಾಕ್ರಿ", "ನನಗ ಉಳ್ಳಾಗಡ್ಡಿ ಬ್ಯಾಡ್ರಿ" ಎಂದು ಒಬ್ಬೊಬ್ಬರು ಒಂದೊಂದು ಬೇಡಿಕೆ ಇಟ್ಟರೂ ಗಾಡಿಯವರು ಯಾರದ್ದನ್ನೂ ಬರೆದುಕೊಳ್ಳದೆ, ಯಾರದ್ದನ್ನೂ ಮರೆಯದೆ, ಬೋಗುಣಿಯಲ್ಲಿ ಒಂದೊಂದೇ ಪಾಲನ್ನು ಬೇರೆಬೇರೆಯಾಗಿ ಕಲಸಿ ಕೊಡುತ್ತಿದ್ದರು. ಪಕ್ಕದ ಬಾಣಲೆಯಿಂದ ಆಗತಾನೇ ತೆಗೆದ ಮಿರ್ಚಿಯೊಂದು (ಮೆಣಸಿನಕಾಯಿ ಬಜ್ಜಿ) ಆ ರಾಶಿಯ ಮೇಲೆ ಕೂರುತ್ತಿತ್ತು. ನವನಗರದಲ್ಲಿ ಈಗಲೂ ಒಳ್ಳೆಯ ಗಿರ್ಮಿಟ್ ಸಿಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ಇಷ್ಟೇ: ಆ ರುಚಿಯಲ್ಲಿ ಸಾಮಾನಿನ ಪಾಲೆಷ್ಟು, ಕೈಯ ಪಾಲೆಷ್ಟು, ನಿಂತ ಜಾಗದ ಪಾಲೆಷ್ಟು? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಟಿಳಕವಾಡಿಯ ಸೊಸೆ:

ಅಣ್ಣನವರೇ, ನನ್ನ ತವರು ಬಾಗಲಕೋಟೆ, ಈಗ ಇರುವುದು ಬೆಳಗಾವಿಯಲ್ಲಿ. ಕೈಯ ಪಾಲಿನ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮನೆಯಲ್ಲಿ ಗಿರ್ಮಿಟ್ ಕೆಡುವುದು ಬಹುಮಟ್ಟಿಗೆ ಗೊಜ್ಜಿನ ಹಂತದಲ್ಲಿ. ಎಷ್ಟೋ ಜನರು ಒಗ್ಗರಣೆಗೆ ಉಳ್ಳಾಗಡ್ಡಿ ಹಾಕಿ ಅದು ಮೆತ್ತಗಾಗುತ್ತಲೇ ಹುಣಸೆ ರಸ ಸುರಿದು, ಒಂದು ಕುದಿ ಬಂದೊಡನೆ ಒಲೆಯಿಂದ ಇಳಿಸುತ್ತಾರೆ. ಆ ನೀರುಗೊಜ್ಜನ್ನು ಚುರಮರಿಗೆ ಹಾಕಿದರೆ ಅದು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಸುಸಲಾದ ಹಾಗೆ ಮೆತ್ತಗಾಗುತ್ತದೆ. ಸುಸಲಾ ಒಳ್ಳೆಯ ತಿಂಡಿ, ಆದರೆ ಅದು ಚುರಮರಿಯನ್ನು ಬೇಕೆಂದೇ ನೀರಿನಲ್ಲಿ ನೆನೆಸಿ ಹಿಂಡಿ ಮಾಡುವಂಥದ್ದು. ಗಿರ್ಮಿಟ್ಟಿನ ಧರ್ಮ ಬೇರೆ. ಗಾಡಿಯವರು ಎಣ್ಣೆಯನ್ನು ಧಾರಾಳವಾಗಿ ಹಾಕಿ, ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಮತ್ತು ಜಜ್ಜಿದ ಹಸಿಮೆಣಸಿನಕಾಯಿಯನ್ನು ಅರಿಶಿಣದೊಡನೆ ಚೆನ್ನಾಗಿ ಬಾಡಿಸುತ್ತಾರೆ. ಆಮೇಲೆ ಹುಣಸೆ ರಸ, ಉಪ್ಪು, ತುಸು ತಡೆದು ಬೆಲ್ಲ ಹಾಕಿ ಎಣ್ಣೆ ಬಿಟ್ಟುಕೊಂಡು ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ನೀರಿನ ಅಂಶ ಹೋಗಿ ಎಣ್ಣೆ ಮೇಲೆ ಬಂದ ಗೊಜ್ಜು ಚುರಮರಿಯ ಮೈಗೆ ಹತ್ತಿಕೊಳ್ಳುತ್ತದೆ, ಒಳಗೆ ಬೇಗ ಇಳಿಯುವುದಿಲ್ಲ.

ಎರಡನೆಯದು ಕಲಸುವ ಕ್ರಮ. ಮೊದಲು ಚುರಮರಿಗೆ ಗೊಜ್ಜು ಹಾಕಿ ಕೈಯಿಂದಲೇ ಮೇಲೆ ಕೆಳಗೆ ಮಾಡಬೇಕು. ಚಮಚದಿಂದ ಒತ್ತಿ ಕಲಸಿದರೆ ಕಾಳು ಮುರಿಯುತ್ತದೆ. ಅದರ ಹಿಂದೆಯೇ ಪುಠಾಣಿ ಹಿಟ್ಟು ಉದುರಿಸಬೇಕು. ಆ ಹಿಟ್ಟು ಹೆಚ್ಚಿನ ಹಸಿಯನ್ನು ಹೀರಿಕೊಂಡು ಕಾಳಿನ ಮೇಲೊಂದು ಪದರ ಕಟ್ಟುತ್ತದೆ. ನೀರು ಬಿಡುವಂಥ ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರಿ ಕೊನೆಗೆ. ಶೇವು ಕೈಗೆ ಕೊಡುವಾಗ. ಮನೆಯಲ್ಲಿ ನಾವು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಐದಾರು ಜನರಿಗೆ ಒಮ್ಮೆಲೇ ಕಲಸಿ, ಎಲ್ಲರನ್ನೂ ಕರೆದು, ಬಟ್ಟಲು ಹುಡುಕಿ, ಚಹಾ ಸೋಸಿ ತರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಗಾಡಿಯಲ್ಲಿ ಬೋಗುಣಿಯಿಂದ ಬಾಯಿಗೆ ಅರ್ಧ ನಿಮಿಷದ ದಾರಿ.

ಬೆಳಗಾವಿಯಲ್ಲಿ ಭಡಂಗದ ಪ್ರೀತಿ ಹೆಚ್ಚು. ಸಾಂಗಲಿ, ಕೊಲ್ಹಾಪುರದ ಕಡೆಯಿಂದ ಬಂದ ಆ ರೂಢಿಯಲ್ಲಿ ಚುರಮರಿಗೆ ಬೆಳ್ಳುಳ್ಳಿ, ಕೆಂಪು ಖಾರದಪುಡಿ, ಶೇಂಗಾ, ಕರಿಬೇವಿನ ಒಗ್ಗರಣೆ ಕೊಟ್ಟು ಒಣಗಿದಂತೆಯೇ ಇಡುತ್ತಾರೆ. ನನ್ನ ಅತ್ತೆಯವರು ಡಬ್ಬಿ ತುಂಬ ಮಾಡಿಟ್ಟರೆ ಹದಿನೈದು ದಿನವಾದರೂ ಗರಿಗರಿಯಾಗಿಯೇ ಇರುತ್ತದೆ. ಅದನ್ನು ಪೊಟ್ಟಣ ಕಟ್ಟಿ ಪರದೇಶಕ್ಕೂ ಕಳಿಸಬಹುದು. ನಮ್ಮ ತವರಿನ ತಿಂಡಿಯನ್ನು ಪಕ್ಕದ ಓಣಿಗೂ ಕಳಿಸಲಾಗದು ಎಂಬ ಸಂಕಟ ನನಗೆ ಈ ಊರಿಗೆ ಬಂದ ಮೇಲೆಯೇ ತಿಳಿದದ್ದು.

ಭಟ್ಟಿ ಮನೆತನ:

ಇಬ್ಬರೂ ಚುರಮರಿಯ ಬಗ್ಗೆ ಮಾತಾಡಿದ್ದೀರಿ, ಆದರೆ ಅದನ್ನು ಹುರಿದು ಅರಳಿಸುವ ಭಟ್ಟಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಮನೆತನದ ಕಸುಬೇ ಅದಾಗಿದ್ದರಿಂದ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಚುರಮರಿ ಎಂದರೆ ಅಕ್ಕಿಯನ್ನು ಸುಮ್ಮನೆ ಹುರಿದದ್ದಲ್ಲ. ಭತ್ತವನ್ನು ಮೊದಲು ನೀರಿನಲ್ಲಿ ನೆನೆಹಾಕಿ, ಕಾಯಿಸಿ, ಒಣಗಿಸಿ, ಆಮೇಲೆ ಮೇಲಿನ ಹೊಟ್ಟು ತೆಗೆಯಬೇಕು. ಹೀಗೆ ಕುಚ್ಚಿದಾಗ ಕಾಳಿನೊಳಗಿನ ಪಿಷ್ಟ ಬೆಂದು ಗಟ್ಟಿಯಾಗಿ, ಅದರಲ್ಲಿದ್ದ ಸಣ್ಣ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಕಾಯಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೆಂಪಗೆ ಕಾದ ಉಸುಕಿನ ಬಾಣಲೆಗೆ ಹಾಕುತ್ತೇವೆ. ಒಳಗೆ ಸಿಕ್ಕಿಕೊಂಡ ಹಸಿ ಆವಿಯಾಗಿ ಹೊರಗೆ ನುಗ್ಗುವ ರಭಸಕ್ಕೆ ಕಾಳು ಕೆಲವೇ ಕ್ಷಣಗಳಲ್ಲಿ ಹಲವು ಪಟ್ಟು ಅರಳುತ್ತದೆ. ಕುಚ್ಚದ ಅಕ್ಕಿಯನ್ನು ಹಾಗೆಯೇ ಹಾಕಿದರೆ ಆವಿ ಬಿರುಕುಗಳಲ್ಲಿ ಸೋರಿಹೋಗಿ ಕಾಳು ಅರಳುವುದಿಲ್ಲ, ಸೀದುಹೋಗುತ್ತದೆ. ಹಸಿ ಹೆಚ್ಚಿದ್ದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಆ ಹದವನ್ನು ನಮ್ಮ ಹಿರಿಯರು ಅಕ್ಕಿಯನ್ನು ಹಲ್ಲಿನಲ್ಲಿ ಕಡಿದು ಹೇಳುತ್ತಿದ್ದರು. ಅರಳಿದ ಕೂಡಲೇ ಝಾರಿಯಿಂದ ಎತ್ತಿ ಜರಡಿ ಹಿಡಿದು ಉಸುಕು ಬೇರ್ಪಡಿಸಬೇಕು. ಒಂದು ಹಿಡಿ ಉಸುಕು ಉಳಿದರೂ ಗಿರಾಕಿಯ ಹಲ್ಲಿಗೆ ಅದು ತಿಳಿಯುತ್ತದೆ. ಬೆಂಕಿಯ ಮುಂದೆ ಬೆಳಗಿನ ಜಾವದಿಂದ ನಿಂತು ಮಾಡುವ ಈ ಕೆಲಸದಲ್ಲಿ ಹೊಗೆ, ಬೂದಿ, ಬೇಗೆ ಮೂರನ್ನೂ ತಾಳಿಕೊಂಡೇ ಮನೆಗಳು ನಡೆದಿವೆ. ದಾವಣಗೆರೆಯ ಭಟ್ಟಿಗಳ ಹೆಸರು ನಾಡಿಗೆಲ್ಲ ಗೊತ್ತು, ನಮ್ಮ ಭಾಗದ ಸಣ್ಣ ಭಟ್ಟಿಗಳನ್ನು ನೆನೆಯುವವರು ಕಡಿಮೆ.

ಚುರಮರಿಯ ಮೈಯೆಲ್ಲ ಸೂಕ್ಷ್ಮ ರಂಧ್ರಗಳು. ಆದ್ದರಿಂದಲೇ ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಭಟ್ಟಿಯಿಂದ ಬಂದ ದಿನವೇ ಬಳಸಿದ ಚುರಮರಿಗೂ, ಅಂಗಡಿಯ ಚೀಲದಲ್ಲಿ ಬಾಯಿ ಬಿಚ್ಚಿಕೊಂಡು ವಾರಗಟ್ಟಲೆ ಕೂತ ಚುರಮರಿಗೂ ಹೋಲಿಕೆಯೇ ಇಲ್ಲ. ಗಾಡಿಯವರ ಬಳಿ ಚೀಲಗಳು ದಿನಕ್ಕೆ ದಿನಕ್ಕೆ ಖಾಲಿಯಾಗುತ್ತವೆ, ಹಾಗಾಗಿ ಅವರಲ್ಲಿ ಮಾಲು ಯಾವಾಗಲೂ ಹೊಸದು. ಮನೆಯಲ್ಲಿ ಮಾಡುವವರು ಇಷ್ಟಾದರೂ ಮಾಡಬೇಕು: ಕಲಸುವ ಮುಂಚೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಚುರಮರಿಯನ್ನು ಬೆಚ್ಚಗೆ ಮಾಡಿ, ಪೂರ್ತಿ ಆರಲು ಬಿಡಬೇಕು. ಬಿಸಿಯಿದ್ದಾಗಲೇ ಗೊಜ್ಜು ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು. ಇನ್ನೊಂದು ಮಾತು, ಚುರಮರಿಯಲ್ಲಿ ಆಗಲೇ ಉಪ್ಪಿರುತ್ತದೆ. ಗೊಜ್ಜಿಗೆ ಉಪ್ಪು ಹಾಕುವಾಗ ಇದನ್ನು ಲೆಕ್ಕಕ್ಕೆ ಹಿಡಿಯದವರು ಬಹಳ ಜನ.

ಘಟಪ್ರಭಾ ತೀರ:

ತಮ್ಮಿಬ್ಬರ ಬರಹದಿಂದ ನನ್ನ ಪ್ರಶ್ನೆಯ ಮೊದಲ ಎರಡು ಪಾಲುಗಳಿಗೆ ಉತ್ತರ ದೊರೆತಂತಾಯಿತು. ಭಟ್ಟಿಯ ಕೆಲಸದ ವಿವರವನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಓದಿರಲಿಲ್ಲ. ಮಿರ್ಚಿಯ ಬಗ್ಗೆ ಯಾರಾದರೂ ಬರೆಯಬೇಕು, ಏಕೆಂದರೆ ಮಿರ್ಚಿಯಿಲ್ಲದ ಗಿರ್ಮಿಟ್ಟನ್ನು ನಮ್ಮೂರಿನಲ್ಲಿ ಅರ್ಧ ಪ್ಲೇಟೆಂದೇ ತಿಳಿಯುತ್ತಾರೆ.

ವಿಜಯಪುರದ ವಿಜ್ಞಾನ ಶಿಕ್ಷಕ:

ಗುರುಗಳೇ, ಮಿರ್ಚಿಯ ಭಾರವನ್ನು ನಾನು ಹೊರುತ್ತೇನೆ. ನಮ್ಮ ವಿಜಯಪುರದಲ್ಲಿ ಗಾಂಧಿ ಚೌಕದ ಸುತ್ತಮುತ್ತ ಸಂಜೆ ಅಡ್ಡಾಡಿದವರಿಗೆ ಮಿರ್ಚಿಯ ಕರೆ ಎಂಥದ್ದೆಂದು ಹೇಳಬೇಕಾಗಿಲ್ಲ.

ಮೆಣಸಿನಕಾಯಿ ನಮ್ಮ ನೆಲದ್ದಲ್ಲ ಎಂಬುದು ಮಕ್ಕಳಿಗೆ ಹೇಳಿದಾಗ ಅವರು ನಂಬುವುದೇ ಇಲ್ಲ. ಅದರ ತವರು ಅಮೆರಿಕ ಖಂಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಆ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಬೇರಾರಿಂದಲೂ ಅಲ್ಲ, ಇದೇ ವಿಜಯಪುರದ ಆದಿಲಶಾಹಿ ಅರಸರಿಂದ. ಜಗತ್ತಿಗೆಲ್ಲ ಗೊತ್ತಿರುವ ಗೋಳಗುಮ್ಮಟದ ಊರಿನಲ್ಲಿ ನಿಂತು ಮಿರ್ಚಿ ತಿನ್ನುವಾಗ ಈ ಇತಿಹಾಸ ನನಗೆ ನೆನಪಾಗುತ್ತದೆ. ಅದಕ್ಕೂ ಮೊದಲು ನಮ್ಮ ಹಿರಿಯರ ಖಾರವೆಲ್ಲ ಕರಿಮೆಣಸು, ಹಿಪ್ಪಲಿ, ಶುಂಠಿಯಿಂದ ಬರುತ್ತಿದ್ದುದು. ಹೊರಗಿನಿಂದ ಬಂದ ಒಂದು ಕಾಯಿಯನ್ನು ನಮ್ಮ ಜನರು ಎಷ್ಟು ತಮ್ಮದಾಗಿಸಿಕೊಂಡರೆಂದರೆ ರೊಟ್ಟಿಯ ಜೊತೆಗೆ ಅದಿಲ್ಲದ ಊಟವನ್ನು ಇಂದು ಊಹಿಸಲೂ ಆಗುವುದಿಲ್ಲ.

ಮಿರ್ಚಿಗೆ ಬೇಕಾದದ್ದು ಉದ್ದನೆಯ, ತಿಳಿಹಸಿರಿನ, ತೊಗಟೆ ದಪ್ಪವಿರುವ, ಖಾರ ಕಡಿಮೆಯಿರುವ ಕಾಯಿ. ಅದನ್ನು ಉದ್ದಕ್ಕೆ ಸೀಳಿ, ಒಳಗೆ ಜೀರಿಗೆ, ಅಜವಾನ ಮತ್ತು ಉಪ್ಪನ್ನು ಕುಟ್ಟಿ ತುಂಬುತ್ತಾರೆ; ಕೆಲವರು ಅದಕ್ಕೆ ಹುಣಸೆಹಣ್ಣನ್ನೂ ಸೇರಿಸುತ್ತಾರೆ. ಖಾರವೆಲ್ಲ ಬೀಜದಲ್ಲಿದೆ ಎಂದು ಬೀಜ ಮಾತ್ರ ಉದುರಿಸುವವರಿದ್ದಾರೆ. ಆದರೆ ಖಾರ ಕೊಡುವ ಕ್ಯಾಪ್ಸೈಸಿನ್ ಉತ್ಪತ್ತಿಯಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಆ ತಿರುಳನ್ನು ಬೆರಳಿನಿಂದ ಎಷ್ಟು ಕೆರೆದು ತೆಗೆಯುತ್ತಾರೆ ಎನ್ನುವುದರ ಮೇಲೆ ಆ ಗಾಡಿಯ ಮಿರ್ಚಿಯ ಖಾರ ನಿಂತಿರುತ್ತದೆ. ಕಡಲೆ ಹಿಟ್ಟನ್ನು ಚಿಟಿಕೆ ಸೋಡಾ, ಒಂದು ಸೌಟು ಕಾದ ಎಣ್ಣೆಯೊಡನೆ ಗಟ್ಟಿಯಾಗಿ ಕಲಸಿ, ಕಾಯಿಯ ತೊಟ್ಟು ಹಿಡಿದು ಅದ್ದಿ ಬಾಣಲೆಗೆ ಬಿಡುತ್ತಾರೆ. ಅನುಭವಿಗಳು ಮೊದಲು ಮುಕ್ಕಾಲು ಪಾಲು ಕರಿದು ತೆಗೆದಿಟ್ಟು, ಗಿರಾಕಿ ಬಂದಾಗ ಎರಡನೆಯ ಸಲ ಜೋರು ಎಣ್ಣೆಗೆ ಬಿಡುತ್ತಾರೆ. ಮೊದಲ ಸಲ ಕಾಯಿ ಬೇಯುತ್ತದೆ, ಎರಡನೆಯ ಸಲ ಮೇಲಿನ ಹಿಟ್ಟಿನಲ್ಲಿ ಉಳಿದ ನೀರು ಹೋಗಿ ಗರಿಯಾಗುತ್ತದೆ.

ಮಿರ್ಚಿಯ ಮೇಲೆ ಬಿಸಿ ಚಹಾ ಕುಡಿಯುವ ನಮ್ಮ ರೂಢಿಗೂ ಒಂದು ವಿವರಣೆಯಿದೆ. ನಾಲಿಗೆಯಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ನರಗ್ರಾಹಿಗಳನ್ನೇ ಕ್ಯಾಪ್ಸೈಸಿನ್ ಕೂಡ ಎಬ್ಬಿಸುತ್ತದೆ, ಆದ್ದರಿಂದ ಖಾರವು ನಮಗೆ ಉರಿಯಾಗಿ ತೋರುತ್ತದೆ. ಅದರ ಮೇಲೆ ಬಿಸಿ ಚಹಾ ಬಿದ್ದರೆ ಉರಿ ಒಮ್ಮೆಲೇ ಏರಿ, ಬೆವರು ಒಡೆದು, ಮೈ ಹಗುರಾಗುತ್ತದೆ. ತಣ್ಣೀರು ಕುಡಿದರೆ ಕ್ಷಣಕಾಲ ತಂಪೆನಿಸಿದರೂ ಖಾರ ಹೋಗುವುದಿಲ್ಲ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ ವಸ್ತು. ತಾಳಲಾಗದವರು ಮಜ್ಜಿಗೆಯನ್ನೋ ಹಾಲನ್ನೋ ಕುಡಿಯುವುದು ಲೇಸು.

ಗಾಡಿಯ ರುಚಿಗೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಮೆತ್ತಗಾಗುತ್ತಿರುವ ಚುರಮರಿ, ತಣ್ಣಗಾಗುತ್ತಿರುವ ಮಿರ್ಚಿ, ಆರುತ್ತಿರುವ ಚಹಾ, ಈ ಮೂರರ ಸಮಯವೂ ಒಂದೇ ಕಡೆ ಕೂಡಿಬರುವುದು ಮೂವರು ಕೆಲಸದವರು ಅಕ್ಕಪಕ್ಕ ನಿಂತಲ್ಲಿ ಮಾತ್ರ. ಮನೆಯಲ್ಲಿ ಒಬ್ಬ ತಾಯಿ ಈ ಮೂರನ್ನೂ ಒಬ್ಬಳೇ ಮಾಡಿ ತಾನು ಕೊನೆಗೆ ತಣ್ಣಗಾದದ್ದನ್ನು ತಿನ್ನಬೇಕಾಗುತ್ತದೆ.

ಚೊಳಚಗುಡ್ಡದ ಹಾದಿ:

ಗಿರ್ಮಿಟ್ಟಿನ ಮಾತು ಬಂದ ಮೇಲೆ ಬದಾಮಿಯ ಬನಶಂಕರಿ ಜಾತ್ರೆಯನ್ನು ನೆನೆಯದೆ ಇರುವುದು ನನ್ನಿಂದಾಗದು. ಬನದ ಹುಣ್ಣಿಮೆಯ ದಿನ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಆ ಜಾತ್ರೆಗೆ ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ರಾತ್ರಿಯಿಡೀ ನಾಟಕ. ಪುಷ್ಯ ಮಾಸದ ಚಳಿ ಕಾಲಿನಿಂದ ಏರತೊಡಗಿದಾಗ ವಿರಾಮದ ಗಂಟೆ ಬಾರಿಸುತ್ತದೆ, ಡೇರೆಯ ಜನವೆಲ್ಲ ಎದ್ದು ಹೊರಗಿನ ಅಂಗಡಿಗಳ ಸಾಲಿಗೆ ನುಗ್ಗುತ್ತದೆ. ಅಷ್ಟು ಜನರಿಗೆ ಅಷ್ಟು ಕಡಿಮೆ ಹೊತ್ತಿನಲ್ಲಿ ಗಿರ್ಮಿಟ್ ಒದಗಿಸುವ ಆ ಅಂಗಡಿಕಾರರ ಕೈಚಳಕವನ್ನು ನೋಡಬೇಕು. ಗೊಜ್ಜು ದೊಡ್ಡ ಪಾತೇಲಿಯಲ್ಲಿ ಮೊದಲೇ ಸಿದ್ಧವಿರುತ್ತದೆ, ಉಳ್ಳಾಗಡ್ಡಿ ಗುಡ್ಡೆ ಬಿದ್ದಿರುತ್ತದೆ, ಆದರೆ ಕಲಸುವುದು ಮಾತ್ರ ಆಗಲೂ ಗಿರಾಕಿಯ ಕಣ್ಣೆದುರಿಗೇ. ಎಷ್ಟೇ ನೂಕುನುಗ್ಗಲಿದ್ದರೂ ಮೊದಲೇ ಕಲಸಿಟ್ಟು ಮಾರಿದ ಅಂಗಡಿಯನ್ನು ನಾನು ಆ ಜಾತ್ರೆಯಲ್ಲಿ ಕಂಡಿಲ್ಲ. ಕಲಸಿಟ್ಟರೆ ಅದು ಗಿರ್ಮಿಟ್ ಆಗಿ ಉಳಿಯುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಮ್ಮ ಆಯಿ ಹೊಲದ ಕೆಲಸದಲ್ಲಿ ವರ್ಷವಿಡೀ ದುಡಿದು, ಹೊರಗಿನದ್ದನ್ನು ತಿನ್ನುವ ರೂಢಿಯೇ ಇಲ್ಲದವಳು. ಜಾತ್ರೆಯ ರಾತ್ರಿ ಮಾತ್ರ ಸೆರಗಿನ ಗಂಟು ಬಿಚ್ಚಿ ತನ್ನ ದುಡ್ಡಿನಿಂದ ತಾನೇ ಒಂದು ಪ್ಲೇಟ್ ಕೊಂಡು, ಗಂಡಸರ ನಡುವೆಯೇ ನಿಂತು, ಯಾರ ಹಂಗೂ ಇಲ್ಲದೆ ತಿನ್ನುತ್ತಿದ್ದಳು. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಣ್ಣುವ ಹೆಣ್ಣುಮಗಳೊಬ್ಬಳು ಮೊದಲು ತಿನ್ನುವ ಅವಕಾಶ ಗಾಡಿಯ ಮುಂದೆ ಮಾತ್ರ ಇತ್ತು. ಮೇಲಿನ ಶಿಕ್ಷಕರು ತಾಯಿಯ ತಣ್ಣನೆಯ ಪಾಲಿನ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಇದನ್ನು ಹೇಳಲೇಬೇಕೆನಿಸಿತು.

ಆಹಾರ ಸುರಕ್ಷತೆಯ ಕಾಳಜಿ:

ಎಲ್ಲರ ಬರಹವೂ ಸೊಗಸಾಗಿದೆ. ಆದರೂ ಎರಡು ವಿಷಯಗಳನ್ನು ಮರೆಯಬಾರದೆಂದು ವಿನಂತಿಸುತ್ತೇನೆ. ಮೊದಲನೆಯದು ಹಳೆಯ ವರ್ತಮಾನ ಪತ್ರಿಕೆಯ ತುಂಡಿನಲ್ಲಿ ಗಿರ್ಮಿಟ್ ಹಾಕಿ ಕೊಡುವ ರೂಢಿ. ಮುದ್ರಣದ ಮಸಿಯಲ್ಲಿ ಸೀಸದಂಥ ಹಾನಿಕರ ವಸ್ತುಗಳಿರುತ್ತವೆ, ಬಿಸಿ ಮತ್ತು ಎಣ್ಣೆ ತಾಗಿದಾಗ ಅವು ತಿನಿಸಿಗೆ ಇಳಿಯುತ್ತವೆ. ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿಯೇ ಈ ಕುರಿತು ಎಚ್ಚರಿಸಿತ್ತು, 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ತಿನಿಸನ್ನು ಸುತ್ತಲು ಪತ್ರಿಕೆಯ ಕಾಗದ ಬಳಸುವುದನ್ನು ನಿಷೇಧಿಸಿತು, 2023ರಲ್ಲಿ ಮತ್ತೊಮ್ಮೆ ನೆನಪಿಸಿತು. ಎರಡನೆಯದು ಮಿರ್ಚಿಯ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳ (ಎಣ್ಣೆ ಕೆಡುವಾಗ ಹುಟ್ಟುವ ವಸ್ತುಗಳ) ಪ್ರಮಾಣ 25 ಪ್ರತಿಶತ ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಗಿರಾಕಿಗೆ ಇದನ್ನು ಅಳೆಯಲು ಬಾರದಿದ್ದರೂ ಎಣ್ಣೆ ಕಪ್ಪಾಗಿ, ಮಂದವಾಗಿ, ಮೇಲೆ ನೊರೆ ಕಟ್ಟುತ್ತಿದ್ದರೆ ಕಣ್ಣಿಗೇ ತಿಳಿಯುತ್ತದೆ. ಪ್ರೀತಿಯ ತಿಂಡಿ ನೂರು ಕಾಲ ಉಳಿಯಬೇಕೆನ್ನುವವರು ಇವೆರಡನ್ನೂ ಗಾಡಿಯವರಿಗೆ ಸಮಾಧಾನದಿಂದ ಹೇಳಬೇಕು.

ಮುಧೋಳದ ಓದುಗ:

ಕಾಗದದ ವಿಷಯದಲ್ಲಿ ತಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೆ ಬದಲಾಗಿ ಬಂದ ತೆಳು ಪ್ಲಾಸ್ಟಿಕ್ ಲೇಪನದ ತಟ್ಟೆಗಳನ್ನು ಒಪ್ಪಲಾರೆ. ಮುತ್ತಲ ಎಲೆಯ ದೊನ್ನೆ ನಮ್ಮ ಭಾಗದಲ್ಲಿ ಮೊದಲಿನಿಂದಲೂ ಇದ್ದದ್ದೇ. ಅದರಲ್ಲಿ ಗಿರ್ಮಿಟ್ ಕೊಟ್ಟರೆ ಎಣ್ಣೆಯೂ ಸೋರದು, ತಿಂದು ಬಿಸುಟರೆ ದನಕ್ಕೂ ನೆಲಕ್ಕೂ ಹಾನಿಯಿಲ್ಲ. ಸ್ಟೀಲಿನ ಪ್ಲೇಟು ಇಡುವವರಿಗೆ ತೊಳೆಯಲು ಸಾಕಷ್ಟು ನೀರು ಸಿಗುವಂತೆ ನಗರಸಭೆಗಳು ನೋಡಿಕೊಳ್ಳಬೇಕು. ನೀರಿನ ನಳವನ್ನೇ ಕೊಡದೆ ಸ್ವಚ್ಛತೆಯ ನೋಟಿಸ್ ಕೊಡುವುದು ನ್ಯಾಯವಲ್ಲ.

ಒಂದು ಸಂದೇಹವನ್ನೂ ಕೇಳುತ್ತೇನೆ. ಟಿಳಕವಾಡಿಯ ಅಕ್ಕನವರೇ, ಮಹಾಲಿಂಗಪುರದ ಬೆಲ್ಲ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ನಾನು ಮಾಡಿದಾಗಲೆಲ್ಲ ಗೊಜ್ಜು ಪಾನಕದಷ್ಟು ಸಿಹಿಯಾಗುತ್ತದೆ. ಹುಣಸೆಗೆ ಬೆಲ್ಲ ಎಷ್ಟಿರಬೇಕು?

ನವನಗರ ನಿವಾಸಿ:

ಚರ್ಚೆಯನ್ನು ಆರಂಭಿಸಿದ ಹಿರಿಯರ ಮೂರನೆಯ ಪಾಲಿಗೆ, ಅಂದರೆ ನಿಂತ ಜಾಗದ ಪಾಲಿಗೆ, ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಹಳೆಯ ಊರಿನಿಂದ ಎದ್ದು ಬಂದು ಸೆಕ್ಟರಿನ ಸಂಖ್ಯೆಯನ್ನೇ ವಿಳಾಸ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಆ ಅನುಭವದಿಂದ ಹೇಳುವುದಾದರೆ, ಗಿರ್ಮಿಟ್ ಉಳಿಯುವುದು ಅಡುಗೆಯ ಪುಸ್ತಕದಲ್ಲಲ್ಲ, ಜನರು ಕಾಲ್ನಡಿಗೆಯಲ್ಲಿ ಒಟ್ಟು ಸೇರುವ ಮೂಲೆಗಳಲ್ಲಿ.

ಈ ಚರ್ಚೆಯಲ್ಲೇ ಅದಕ್ಕೆ ಆಧಾರಗಳಿವೆ. ಚುರಮರಿ ಹೊಸದಿರಬೇಕಾದರೆ ಚೀಲ ದಿನವೂ ಖಾಲಿಯಾಗಬೇಕು, ಅದಕ್ಕೆ ಸಾಲು ಸಾಲು ಗಿರಾಕಿಗಳಿರಬೇಕು. ಮಿರ್ಚಿ ಎರಡನೆಯ ಸಲ ಬಾಣಲೆಯಿಂದ ಎದ್ದೊಡನೆ ಬಾಯಿಗೆ ಹೋಗಬೇಕಾದರೆ ತಿನ್ನುವವನು ಎದುರಿಗೇ ನಿಂತಿರಬೇಕು. ಎಣ್ಣೆ ಹಳೆಯದಾಗದಿರಬೇಕಾದರೂ ವ್ಯಾಪಾರ ಚುರುಕಾಗಿರಬೇಕು. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಇವೆಲ್ಲ ತಾವಾಗಿಯೇ ಒದಗಿಬರುತ್ತಿದ್ದವು. ನವನಗರದ ರಸ್ತೆಗಳು ಅಗಲವಾಗಿವೆ, ಗಾಳಿ ಬೆಳಕು ಚೆನ್ನಾಗಿದೆ, ಮಳೆನೀರು ಮನೆಯೊಳಗೆ ಬರುವುದಿಲ್ಲ. ಅದಕ್ಕಾಗಿ ನನಗೆ ಸಂತೋಷವೇ ಇದೆ. ಆದರೆ ನೂರು ಜನ ಒಂದೇ ತಿರುವಿನಲ್ಲಿ ಹಾದುಹೋಗುವ ಸಂಜೆ ಇಲ್ಲಿ ಕೂಡಿಬರಲು ಬಹಳ ವರ್ಷ ಹಿಡಿಯಿತು. ಬಸ್ ನಿಲ್ದಾಣ, ಕಚೇರಿಗಳು, ಕಾಲೇಜುಗಳ ಸುತ್ತ ಅಂಥ ಮೂಲೆಗಳು ಹುಟ್ಟಿಕೊಂಡ ಮೇಲೆಯೇ ಗಾಡಿಗಳಲ್ಲಿ ಮೊದಲಿನ ರುಚಿ ಕಾಣತೊಡಗಿದ್ದು. ಗೊಜ್ಜು ಮಾಡುವ ಕೈ ನಡುವೆ ಬದಲಾಗಿರಲಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಒಳ್ಳೆಯ ವಿಚಾರವಿದೆ. ಕೊಳ್ಳುವವರು ಮತ್ತು ಮಾರುವವರು ಬಹುಕಾಲದಿಂದ ತಾವಾಗಿಯೇ ಕೂಡುತ್ತ ಬಂದ ತಾಣಗಳನ್ನು ಸಹಜ ಮಾರುಕಟ್ಟೆಗಳೆಂದು ಅದು ಗುರುತಿಸುತ್ತದೆ, ಅವುಗಳನ್ನು ಗಮನದಲ್ಲಿಟ್ಟುಕೊಂಡೇ ಪಟ್ಟಣದ ವ್ಯಾಪಾರ ವಲಯಗಳನ್ನು ಯೋಜಿಸಬೇಕೆನ್ನುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರಿಗೂ ಸ್ಥಾನವಿರಬೇಕು. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಲು 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಾಗಿ 10,000 ರೂಪಾಯಿಯವರೆಗೆ ಸಾಲ ದೊರೆತದ್ದು ಸಣ್ಣ ಗಾಡಿಗಳಿಗೆ ನಿಜವಾದ ಆಸರೆಯಾಯಿತು. ಆದರೆ ಸಾಲ ಕೊಟ್ಟು, ನಿಲ್ಲುತ್ತಿದ್ದ ಮೂಲೆಯಿಂದ ಎಬ್ಬಿಸಿ, ಜನಸಂಚಾರವಿಲ್ಲದ ಬಯಲಿನಲ್ಲಿ ಜಾಗ ಗುರುತಿಸಿಕೊಟ್ಟರೆ ಆ ಗಾಡಿ ಬಾಳುವುದಿಲ್ಲ. ಊರಿನ ದೊಡ್ಡ ಭಾಗವೇ ಸ್ಥಳಾಂತರಗೊಂಡ ನಮಗೆ ಇದು ಬೇರೆ ಊರಿನವರಿಗಿಂತ ಚೆನ್ನಾಗಿ ತಿಳಿದಿದೆ. ಇನ್ನು ಮುಂದೆ ಮುಳುಗಡೆಯಾಗಲಿರುವ ಪ್ರದೇಶಗಳ ಪುನರ್ವಸತಿಯ ನಕ್ಷೆ ಬರೆಯುವವರು ಶಾಲೆ, ಗುಡಿ, ಆಸ್ಪತ್ರೆಗೆ ಜಾಗ ಬಿಡುವಂತೆ ಸಂಜೆಯ ಗಾಡಿಗಳಿಗೂ ಊರ ನಡುವೆಯೇ, ನೀರು ಮತ್ತು ದೀಪದ ಸೌಕರ್ಯದೊಡನೆ, ಜಾಗ ಬಿಡಬೇಕು.

ಘಟಪ್ರಭಾ ತೀರ:

ನಾನು ಪರಿಹಾರದ ಅಂಕಣವೆಂದು ಬರೆದದ್ದಕ್ಕೆ ತಾವು ಕಾಯ್ದೆಯ ಆಧಾರವನ್ನೇ ಒದಗಿಸಿಕೊಟ್ಟಿರಿ. ನಮ್ಮ ಬಡಾವಣೆಯ ಹಿರಿಯ ನಾಗರಿಕರೊಡನೆ ಮಾತಾಡಿ, ಈಗಿರುವ ಗಾಡಿಗಳ ಮೂಲೆಗಳಿಗೆ ನೀರಿನ ನಳ ಮತ್ತು ದೀಪ ಕೊಡುವಂತೆ ನಗರಸಭೆಗೆ ಮನವಿ ಸಲ್ಲಿಸುತ್ತೇವೆ. ಮುಧೋಳದವರು ಹೇಳಿದ ಮುತ್ತಲ ದೊನ್ನೆಯ ವಿಷಯವನ್ನೂ ಅದರಲ್ಲಿ ಸೇರಿಸುತ್ತೇನೆ. ಮನವಿಗೆ ಸಹಿ ಹಾಕಲು ಇಚ್ಛಿಸುವ ಬಾಗಲಕೋಟೆಯವರು ಇಲ್ಲಿಯೇ ತಿಳಿಸಬಹುದು.

ಟಿಳಕವಾಡಿಯ ಸೊಸೆ:

ನನ್ನ ಹೆಸರನ್ನೂ ಸೇರಿಸಿಕೊಳ್ಳಿ ಅಣ್ಣನವರೇ, ತವರಿನ ಹಕ್ಕು ಇನ್ನೂ ಇದೆಯೆಂದು ತಿಳಿದಿದ್ದೇನೆ.

ಮುಧೋಳದ ಸಹೋದರರ ಸಂದೇಹಕ್ಕೆ ಉತ್ತರ: ನಾಲ್ಕು ಜನರಿಗೆ ಮಾಡುವಾಗ ಸಣ್ಣ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿಕೊಳ್ಳಿ, ಅದಕ್ಕೆ ಬೆಲ್ಲ ಅದರ ಅರ್ಧದಷ್ಟು ಸಾಕು. ಬೆಲ್ಲವನ್ನು ಹುಣಸೆಯ ಜೊತೆಗೇ ಹಾಕದೆ, ರಸದ ಹಸಿ ವಾಸನೆ ಹೋಗಿ ಎಣ್ಣೆ ಅಂಚಿನಲ್ಲಿ ಬಿಡತೊಡಗಿದ ಮೇಲೆ ಪುಡಿ ಮಾಡಿ ಹಾಕಿರಿ. ಗೊಜ್ಜನ್ನು ಬರೀ ನಾಲಿಗೆಗೆ ಹಚ್ಚಿ ನೋಡಿದಾಗ ಹುಳಿ, ಖಾರ ಎರಡೂ ಸ್ವಲ್ಪ ಮುಂದಾಗಿಯೇ ಇರಬೇಕು, ಏಕೆಂದರೆ ಚುರಮರಿ ಮತ್ತು ಪುಠಾಣಿ ಹಿಟ್ಟು ಸೇರಿದ ಮೇಲೆ ಎರಡೂ ಇಳಿಯುತ್ತವೆ. ಒಬ್ಬೊಬ್ಬರಿಗೆ ಎರಡು ದೊಡ್ಡ ಹಿಡಿ ಚುರಮರಿಗೆ ಒಂದೂವರೆ ಚಮಚ ಗೊಜ್ಜಿನಂತೆ ಬೇರೆಬೇರೆಯಾಗಿ ಕಲಸಿ, ಮೊದಲನೆಯ ಪಾಲನ್ನು ಮನೆಯಲ್ಲಿ ಮಿರ್ಚಿ ಕರಿಯುತ್ತಿರುವವರ ಕೈಗೆ ಕೊಡಿರಿ.